ಬಲಗೈ ಬೆರಳಿನ ಶಾಯಿ

ಮತ ಹಾಕಿದವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು ಎಲ್ಲರಿಗೂ ಗೊತ್ತು. ನಮ್ಮ ಶಿವಪುತ್ರಪ್ಪ ಕಾಕಾನಿಗೆ ಒಮ್ಮೆ ಬಲಗೈ ಬೆರಳಿಗೂ ಹಚ್ಚಿದ್ದರು. ಎಡಗೈಯದು ಅವರ ಮತದ್ದು, ಬಲಗೈಯದು ಹೆಂಡತಿಯ ಮತದ್ದು. ಆ ಎರಡು ಬೆರಳು ಮುಂದೆ ಚಾಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ ಅವರ ಮುಖ ನನಗಿನ್ನೂ ಮರೆತಿಲ್ಲ.

ಬಸವನ ಬಾಗೇವಾಡಿಯಲ್ಲಿ ಅವರ ಮನೆಯ ಮುಂದಿನ ಎರಡು ಖೋಲಿಯಲ್ಲಿ ನಾನು ಒಂಬತ್ತು ವರ್ಷ ಬಾಡಿಗೆಗಿದ್ದೆ. ನಾನು ಸರಕಾರಿ ಶಾಲೆಯ ಶಿಕ್ಷಕಿ. ಕಾಕಾ ಮುದ್ದೇಬಿಹಾಳ–ತಾಳಿಕೋಟೆ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ "ಮುಂದ ಸರೀರಿ, ಬೇಕಾದಷ್ಟು ಜಗಾ ಐತಿ" ಎಂದು ನಂಬಿಸಿ ಇನ್ನೂ ಹತ್ತು ಮಂದಿಯನ್ನು ಹತ್ತಿಸಿಕೊಳ್ಳುತ್ತಿದ್ದರಂತೆ. ಅಂಥವರಿಗೆ ನಲವತ್ತು ವರ್ಷದಲ್ಲಿ ಹೆಂಡತಿಯನ್ನು ಒಂದಿಂಚು ಸರಿಸಲಾಗಲಿಲ್ಲ.

ಹೆಂಡತಿ ಕಸ್ತೂರಿಬಾಯಿ ಕಾಕಿಯ ತವರು ದೇವಣಗಾಂವ. ಮದುವೆಯಾಗಿ ಬರುವಾಗ ಹಿತ್ತಾಳೆ ಕೊಡದ ಜೊತೆಗೆ ಅಪ್ಪನ ಪಕ್ಷವನ್ನೂ ತಂದಿದ್ದರು. ಕಾಕಾನದು ಅದರ ವಿರುದ್ಧದ ಪಕ್ಷ. ಚುನಾವಣೆ ಬಂತೆಂದರೆ ಕಾಕಾ ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂರುವರು, ಕಾಕಿ ಒಳಗೆ ರೊಟ್ಟಿ ಬಡಿಯುವರು.

"ಕಸ್ತೂರಿ, ಇದೊಂದ್ ಸಲ ನನ್ನ ಮಾತ ಕೇಳು. ನನ್ನ ವೋಟು ನಿನ್ನ ವೋಟು ಹೊಡದಾಡಿ ಎರಡೂ ಸಾಯ್ತಾವು. ಅಷ್ಟ ದೂರ ಯಾಕ ಹೋಗೂದು, ಇಬ್ಬರೂ ಮನ್ಯಾಗ ಕುಂಡರೂಣು."

"ಹಂಗಾರ ನೀವ ಕುಂಡರ್ರಿ. ನಂದರ ಬದಕತೈತಿ."

ಆ ತಿಂಗಳು ಕಾಕಾನಿಗೆ ಬಿಸಿ ರೊಟ್ಟಿ ಬಂದ್. ಅವರ ತಾಟಿಗೆ ಡಬ್ಬಿಯೊಳಗಿನ ಒಣಗಿದ ಕಟಕ ರೊಟ್ಟಿ, ಹೆಂಚಿನ ಮೇಲಿಂದ ಇಳಿದದ್ದು ನನಗೆ. ಆಮೇಲೆ ಇಬ್ಬರೂ ಸರದಿಯಂತೆ ನನ್ನ ಬಾಗಿಲಿಗೆ ಬಂದು "ಅಕ್ಕೋರ, ನೀವ ಹೇಳ್ರಿ" ಅನ್ನುವರು. ದಿನವಿಡೀ ಮಕ್ಕಳ ಜಗಳ ಬಿಡಿಸಿ ಬಂದವಳಿಗೆ ಇದೊಂದು ಬೇರೆ. ನ್ಯಾಯ ಹೇಳುವ ಕೆಲಸ ಬಾಡಿಗೆಯ ಮಾತಿನಲ್ಲಿ ಇರಲಿಲ್ಲವಲ್ಲ ಎಂದು ಎಷ್ಟೋ ಸಲ ತಲೆ ಚಚ್ಚಿಕೊಂಡಿದ್ದೇನೆ.

ಕಳೆದ ವಿಧಾನಸಭೆ ಚುನಾವಣೆಯ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಕಾಕಿಯ ಎರಡೂ ಕಣ್ಣು ಹೋಗಿದ್ದವು. ಕಣ್ಣು ಕಾಣದವರ ಜೊತೆ ಒಬ್ಬರು ಒಳಗೆ ಹೋಗಿ, ಅವರು ಹೇಳಿದ ಬಟನ್ ಒತ್ತಬಹುದು, ಹಾಗೆ ಒತ್ತಿದವರ ಬಲಗೈ ಬೆರಳಿಗೆ ಶಾಯಿ ಹಚ್ಚುತ್ತಾರೆ ಎಂದು ತಿಳಿಸಿದವಳು ನಾನೇ. ಕಾಕಿ ಮೊದಲು ನನ್ನನ್ನೇ ಕರೆದರು. ನನಗೆ ಸಿಂದಗಿ ಕಡೆಯ ಮತಗಟ್ಟೆಯಲ್ಲಿ ಡ್ಯೂಟಿ. ಅವರ ಮಗಳು ಇರುವುದು ಇಂಡಿಯಲ್ಲಿ, ಅವಳ ಮತವೂ ಅಲ್ಲಿಯೇ. ಉಳಿದವರು ಕಾಕಾ ಒಬ್ಬರೇ. ನಲವತ್ತು ವರ್ಷ ಬೇಡಿದರೂ ಸಿಗದ ಮತ ತಾನಾಗಿಯೇ ಅವರ ಕೈಗೆ ಬಂದಿತ್ತು.

"ಕಾಕಿ, ಅವರು ತಮ್ಮದ ಒತ್ತಿಬಿಟ್ರ?" ಎಂದೆ.

"ಅವರ ಪಕ್ಷದ ಮ್ಯಾಲ ನನಗ ನಂಬಿಕಿ ಇಲ್ಲ. ಅವರ ಮ್ಯಾಲ ಐತಿ." ಹಾಗೆ ಹೇಳುವಾಗಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

ಆ ಸಲ ಕಾಕಾ ಪೇಪರು ಹಿಡಿದು ಬಾಗಿಲಲ್ಲಿ ಕೂರಲೇ ಇಲ್ಲ. ಯಾಕೆಂದು ಕೇಳಿದೆ. "ಕಣ್ಣ ಕಾಣಲಾರದಾಕಿ ಕೂಡ ಏನ ವಾದ ಮಾಡ್ಲಿ, ಅಕ್ಕೋರ? ನನಗೂ ಸಾಕಾಗೇತಿ" ಎಂದರು.

ಡ್ಯೂಟಿ ಮುಗಿಸಿ ಮರುದಿನ ಮೈಕೈ ನೋವಿನಲ್ಲಿ ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲಿದ್ದರು, ಎರಡೂ ಬೆರಳಿಗೆ ಶಾಯಿ. ಏನು ಒತ್ತಿದರೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕಣ್ಣು ಹೋದರೂ ಕಾಕಿಯ ಕೈಗೆ ಹಿಟ್ಟು ಮರೆತಿರಲಿಲ್ಲ. ಕಾಕಾ ಊಟಕ್ಕೆ ಕೂತಾಗ ನೋಡಿದರೆ ಅವರ ತಾಟಿನಲ್ಲಿ ಬಿಸಿ ರೊಟ್ಟಿ!

"ಕಾಕಿ, ಯಾವುದು ಒತ್ತಿದ್ರು ಅಂತ ಕೇಳಿದ್ರೇನು?"

"ಕೇಳೂದೇನೈತಿ? ಮಷೀನ್ ಕುಂಯ್ ಅಂತು. ಇವರು ಉಸ್ಸಪ್ಪಾ ಅಂತ ಉಸರ ಬಿಟ್ರು. ತಮ್ಮದ ಒತ್ತಿದ್ರ ಅಂಥಾ ಉಸರ ಬರ್ತಿದ್ದಿಲ್ಲ."

ಕಾಕಾ ತಲೆ ಎತ್ತದೆ ರೊಟ್ಟಿ ಮುರಿದರು. ನನಗೆ ಅಳು ಬಂತು, ದಣಿವಿಗೋ ಏನೋ.

ಆ ಚಳಿಗಾಲದಲ್ಲಿ ಕಾಕಿ ತೀರಿಕೊಂಡರು. ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮರುವರ್ಷ ಲೋಕಸಭೆಯ ಮತದಾನ ಮುಗಿದ ಮೇಲೆ ಒಂದು ದಿನ ಬಾಗೇವಾಡಿಗೆ ಹೋದೆ. ಕಾಕಾನನ್ನು ನೋಡಿದ್ದು ಅದೇ ಕೊನೆ. ಅದೇ ಕಟ್ಟೆ, ತಾಟಿನಲ್ಲಿ ಖಾನಾವಳಿಯಿಂದ ತಂದ ಕಟಕ ರೊಟ್ಟಿ. ಶಾಯಿ ಎಡಗೈಗೆ ಮಾತ್ರ.

"ವೋಟು ಹಾಕಿ ಬಂದ್ರಿ, ಕಾಕಾ?"

"ಬಂದೇನಿ. ಇಷ್ಟ ವರ್ಷ ನಾ ಹಾಕಿದ್ದನ್ನ ಆಕಿ ಹೊಡದ ಹಾಕತಿದ್ಲು. ಈ ಸಲ ಹೊಡಿಯವರು ಯಾರೂ ಇಲ್ಲ. ನಂದು ಎಣಿಕಿಗೆ ಬರ್ತೈತಿ."

"ಚಲೋ ಆತಲ್ರಿ" ಎಂದುಬಿಟ್ಟೆ. ಕಾಕಾ ಶಾಯಿಯಿಲ್ಲದ ಬಲಗೈ ಬೆರಳನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು.

"ಏನ ಚಲೋ, ಅಕ್ಕೋರ? ಇಬ್ಬರೂ ಮನ್ಯಾಗ ಕುಂಡರೂದ ಚಲೋ ಇತ್ತು."