ಎಂಜಿನ್ ಆಫ್ ಮಾಡಿದವರು

ನನ್ನ ಗಂಡ ಲಾರಿ ಮೆಕ್ಯಾನಿಕ್. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ ಎಂದು ನೆಂಟರೆಲ್ಲ ಹೊಗಳುತ್ತಾರೆ. ಹೊಗಳುವವರಿಗೇನು, ಸಂಸಾರ ಮಾಡಬೇಕಾದವಳು ನಾನು. ಇವರಿಗೆ ಜಗತ್ತಿನಲ್ಲಿ ಇರುವುದು ಎರಡೇ: ಡೀಸೆಲ್ ಎಂಜಿನ್ನು ಮತ್ತು ಅಣ್ಣ. ಮಾವ ತೀರಿಕೊಂಡಾಗ ಇವರಿನ್ನೂ ಚಡ್ಡಿ ಹಾಕುವ ಹುಡುಗ. ಈ ಅಣ್ಣ, ಅಂದರೆ ನನ್ನ ಭಾವನೇ, ಲಾರಿ ಕ್ಲೀನರ್ ಕೆಲಸಕ್ಕೆ ಹೋಗಿ ಸಾಕಿದರಂತೆ. ಅದನ್ನು ಭಾವ ಮರೆತಿಲ್ಲ, ಬೇರೆಯವರು ಮರೆಯಲು ಬಿಟ್ಟೂ ಇಲ್ಲ.

ಭಾವನಿಗೆ ಈಗ ಸ್ವಂತ ಲಾರಿಯಿದೆ. ಹೋದ ವರ್ಷ ಅದಕ್ಕೊಂದು ಮೀಟರ್ ತಂದರು. ಲೋಡ್ ಹೊತ್ತು ಏರು ಹತ್ತುವಾಗ ಎಂಜಿನ್ನಿನ ಹೊಗೆ ಎಷ್ಟು ಕಾದಿದೆ ಎಂದು ಸ್ಟಿಯರಿಂಗ್ ಪಕ್ಕದಲ್ಲೇ ತೋರಿಸುವ ಮೀಟರ್. ಮುಳ್ಳು ಮೇಲೇರಿದರೆ ಕಾಲು ಸಡಿಲ ಬಿಡಬೇಕು, ಇಲ್ಲದಿದ್ದರೆ ಪಿಸ್ಟನ್ ಸುಟ್ಟುಹೋಗುತ್ತದೆ. ಮೀಟರಿನ ಬೆರಳುದ್ದದ ಕಡ್ಡಿಯನ್ನು, ಹೊಗೆ ಹೊರಬರುವ ಕಬ್ಬಿಣದ ಕೊಳವೆಗೆ ತೂತು ಕೊರೆದು ಕೂರಿಸಬೇಕು. ಕೊಳವೆಯ ಬಾಯಿಗೇ ಟರ್ಬೊ. ಹೊಗೆಯ ರಭಸಕ್ಕೆ ತಿರುಗುವ ಚಕ್ರ ಅದು. ಸಾಸಿವೆಯಷ್ಟು ಕಬ್ಬಿಣ ಸಿಕ್ಕರೂ ಅದರ ರೆಕ್ಕೆ ಮುರಿಯುತ್ತದೆ.

ಕೊಳವೆ ಬಿಚ್ಚಿ ಹೊರಗಿಟ್ಟು ಕೊರೆಯೋಣ ಎಂದರು ಇವರು. ಗಾಡಿ ಇಡೀ ದಿನ ನಿಲ್ಲುತ್ತದೆ, ಆಗುವುದಿಲ್ಲ ಎಂದು ಭಾವ ಕಡ್ಡಿ ಮುರಿದಂತೆ ಹೇಳಿದರು. ಸರಿ, ಇನ್ನೊಂದು ದಾರಿಯೂ ಇತ್ತು. ಎಂಜಿನ್ ಓಡುತ್ತಿರುವಾಗಲೇ ಕೊರೆಯುವುದು. ತೂತು ಬಿದ್ದ ಕೂಡಲೇ ಒಳಗಿನ ಹೊಗೆ ಕಬ್ಬಿಣದ ಚೂರುಗಳನ್ನೆಲ್ಲ ಹೊರಕ್ಕೆ ಊದಿಬಿಡುತ್ತದೆ. ಭಾವ ಸೀಟಿನಲ್ಲಿ ಕೂತು ಎಂಜಿನ್ ನಿಲ್ಲದಂತೆ ನೋಡಿಕೊಳ್ಳಬೇಕು, ಅಷ್ಟೇ. ನಾನು ಹೇಳುವವರೆಗೂ ಆಫ್ ಮಾಡಬೇಡ ಅಣ್ಣ ಎಂದು ಇವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಊಟದ ಡಬ್ಬಿ ತಂದ ನನ್ನ ಕೈಗೆ ಟಾರ್ಚ್ ಕೊಟ್ಟು ಬಾನೆಟ್ಟಿನ ಪಕ್ಕ ನಿಲ್ಲಿಸಿಕೊಂಡಿದ್ದರು.

ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿ, ಉಸಿರು ಬಿಗಿಹಿಡಿದು ಕೊರೆದರು. ತುದಿ ಇನ್ನೇನು ಒಳಗಿಳಿಯಬೇಕು, ಭಾವನಿಗೆ ಫೋನ್ ಬಂತು. ಸದ್ದಿಗೆ ಕೇಳಿಸುವುದಿಲ್ಲವೆಂದು ಪುಣ್ಯಾತ್ಮ ಎಂಜಿನ್ ಆಫ್ ಮಾಡಿದರು. ಅದೇ ಗಳಿಗೆಗೆ ಡ್ರಿಲ್ಲು ಒಳಗೆ ನುಗ್ಗಿತು. ಇವರು ಡ್ರಿಲ್ಲನ್ನು ಕೆಳಗಿಟ್ಟರು. ಚೂರು ಒಳಗೇ ಬಿದ್ದಿರುತ್ತದೆ, ಟರ್ಬೊ ಬಿಚ್ಚಿ ನೋಡದೆ ಸ್ಟಾರ್ಟ್ ಮಾಡಬೇಡ ಎಂದು ಬೇಡಿಕೊಂಡರು. ಲೋಡ್ ಕಾಯುತ್ತಿದೆ, ನಿನ್ನದು ಯಾವಾಗಲೂ ಅತಿಯೇ ಎಂದು ಭಾವ ನಕ್ಕರು. ಅಣ್ಣನ ಮಾತು ಮೀರಿ ಗೊತ್ತಿದ್ದರಲ್ಲವೇ ಇವರಿಗೆ? ಸುಮ್ಮನೆ ಕಡ್ಡಿ ಕೂರಿಸಿಕೊಟ್ಟರು.

ಆ ವಾರವೇ ಏರಿನಲ್ಲಿ ಟರ್ಬೊ ಒಡೆದು ಲಾರಿ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಒಡಹುಟ್ಟಿದವನೇ ಗಾಡಿ ಹಾಳು ಮಾಡಿದ, ಅವನ ಕೈಗುಣವೇ ಸರಿಯಿಲ್ಲ ಎಂದು ಭಾವ ಲಾರಿ ಸ್ಟ್ಯಾಂಡಿನಲ್ಲಿ ಕೂತು ಸಾರಿದರು. ಎಂಜಿನ್ ಆಫ್ ಮಾಡಿದ್ದರ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಸ್ವಂತ ಅಣ್ಣನೇ ಹೀಗೆಂದ ಮೇಲೆ ಹೊರಗಿನವರು ಬರುತ್ತಾರೆಯೇ? ಡ್ರೈವರುಗಳು ಒಬ್ಬೊಬ್ಬರಾಗಿ ನಮ್ಮ ಗ್ಯಾರೇಜ್ ದಾಟಿ ಮುಂದೆ ಹೋದರು. ಎಂಜಿನ್ ಇಳಿಸುತ್ತಿದ್ದ ಮನುಷ್ಯ ಪಂಕ್ಚರ್ ಹಾಕುತ್ತ ಕೂತರು. ಭಾವ ಒಂದೇ ಒಂದು ನಿಜ ಹೇಳಿದ್ದರೆ ಗ್ಯಾರೇಜ್ ಉಳಿಯುತ್ತಿತ್ತು. ನಾನೇ ಹೋಗಿ ಕೇಳುತ್ತೇನೆ ಎಂದರೆ, ಅಣ್ಣ ತಾನಾಗೇ ಹೇಳುತ್ತಾನೆ ಎಂದು ಇವರು ತಡೆಯುತ್ತಿದ್ದರು.

ಮೊನ್ನೆ ನಮ್ಮತ್ತೆ ಇಬ್ಬರು ಮಕ್ಕಳನ್ನೂ ಸಂಸಾರ ಸಮೇತ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಭಾವನ ಜೊತೆ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳೂ ಬಂದಿದ್ದರು. ಅವರೆದುರು ಭಾವ ಮತ್ತೆ ಕೈಗುಣದ ರಾಗ ತೆಗೆದರು. ನಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಕುಕ್ಕಿದೆ.

"ಎಂಜಿನ್ ಆಫ್ ಮಾಡಿದ್ದು ನೀವು ಭಾವ. ಟಾರ್ಚ್ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ. ಇಲ್ಲ ಅನ್ನಿ ನೋಡೋಣ."

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಡ್ರೈವರುಗಳು ತುತ್ತು ಕೈಯಲ್ಲೇ ಹಿಡಿದು ಕೂತರು. ಅತ್ತೆ ಚಿಕ್ಕ ಮಗನ ಕಡೆ ತಿರುಗಿ, ಇವಳು ಹೇಳುತ್ತಿರುವುದು ನಿಜವೇನೋ ಎಂದು ಕೇಳಿದರು. ಇವರು ಅಣ್ಣನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಇಲ್ಲಮ್ಮ, ಎಂಜಿನ್ ಓಡ್ತಾನೇ ಇತ್ತು. ತಪ್ಪು ನಂದೇ."

ಹಾಗೆಂದು ಮತ್ತೂ ಅಣ್ಣನನ್ನೇ ನೋಡುತ್ತ ಕೂತರು. ಓರಗಿತ್ತಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು. ಅಣ್ಣತಮ್ಮಂದಿರ ನಡುವೆ ಹುಳಿ ಹಿಂಡಬಾರದಮ್ಮ ಎಂದು ಅತ್ತೆ ನನಗೇ ಬುದ್ಧಿ ಹೇಳಿದರು. ಒಪ್ಪಿಕೊಂಡನಲ್ಲ, ಹೋಗಲಿ ಬಿಡಿ ಎಂದು ಭಾವ ದೊಡ್ಡ ಮನಸ್ಸು ಮಾಡಿ, ಕುಡಿಯಲು ನೀರು ಕೇಳಿದರು. ನಾನೇ ಬಗ್ಗಿಸಿ ಕೊಟ್ಟೆ.

ಬೀದಿಗೆ ಬಂದದ್ದೇ ತಡ, ಸಿಡಿದೆ. ಎಲ್ಲರೆದುರು ನನ್ನನ್ನು ಸುಳ್ಳುಗಾರ್ತಿಯನ್ನಾಗಿ ಮಾಡಿದಿರಿ, ಗ್ಯಾರೇಜಿಗೆ ನಿಮ್ಮ ಕೈಯಾರೆ ಬೀಗ ಹಾಕಿದಿರಿ, ಯಾವ ಸೌಭಾಗ್ಯಕ್ಕೆ ಎಂದು ಕೇಳಿದೆ. ಮೂಲೆ ತಿರುಗಿದ ಮೇಲೆ ಇವರು ಬಾಯಿ ಬಿಟ್ಟರು.

"ತಪ್ಪು ನಂದೇ ಅಂದ್ರೆ, ಇಲ್ಲ ಕಣೋ ಅಂತ ಅಣ್ಣ ತಡೀತಾನೆ ಅಂದ್ಕೊಂಡಿದ್ದೆ ಕಣೆ."