ಅತ್ತೆಯ ರಕ್ತ ಹೇಳಿದ್ದು

ನೂಲು ಕೊರೆದು ಕೊರೆದು ಅತ್ತೆಯ ತೋರುಬೆರಳಿನ ತುದಿಯಲ್ಲಿ ಸಣ್ಣದೊಂದು ಕಾಲುವೆಯೇ ಬಿದ್ದಿತ್ತು. ಎಡಗೈಯೋ ಬಲಗೈಯೋ, ಈಗ ಆಣೆ ಮಾಡಿ ಹೇಳಲಾರೆ. ನಾರಾಯಣಪೇಟೆಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು; ರಕ್ತಸಂಬಂಧವಿಲ್ಲ, ಆದರೂ ಅತ್ತೆ. ಸೀರೆ ನೇಯುವಾಗ ನೂಲು ಸಿಕ್ಕಿಕೊಂಡರೆ ಅವರ ಗಂಡ ಮಗ್ಗವನ್ನು ಬೈಯುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ, ಎಳೆಯನ್ನು ಬೆರಳ ಮೇಲೆ ಹಾಯಿಸಿ ಗಂಟು ಹುಡುಕುತ್ತಿದ್ದರು. "ಮೊದ್ಲ ಎಳಿ ನೋಡ್ರೀ. ಮಗ್ಗ ಎಲ್ಲಿಗೂ ಓಡಿ ಹೋಗಂಗಿಲ್ಲ."

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನಾನು ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದ್ದೆ: ಹನಿ ರಕ್ತದಲ್ಲಿ ಕ್ಯಾನ್ಸರ್ ಗುರುತಿಸುವ ಯಂತ್ರ. ತೆಳುವಾದ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ನ್ಯಾನೊ ನಾಳಗಳು. ಅವುಗಳ ಒಳಗೋಡೆಗೆ ಚಿನ್ನದ ನ್ಯಾನೊ ಕಣಗಳು. ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನು ಅಲ್ಲಿ ಸಿಕ್ಕಿಕೊಂಡರೆ ದಾರಿ ಕಿರಿದಾಗಿ, ನಾಳದಲ್ಲಿ ಹರಿಯುವ ವಿದ್ಯುತ್ತು ಇಳಿಯಬೇಕು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಅತ್ತೆಯನ್ನು ಕೇಳಿದೆ.

"ಸೊಸಿ ತರ್ತಾನ ಅಂತ ಕಾದ್ರ ಸೂಜಿ ತಂದಾನ ನೋಡ್ರೀ!" ಎಂದು ಗಂಡನಿಗೆ ಹೇಳಿ ತೋಳು ಚಾಚಿದರು.

ಅವರ ರಕ್ತ ಹಾಕಿದಾಗ ವಿದ್ಯುತ್ತು ಕುಸಿಯಿತು. ಪೊರೆ ಬದಲಿಸಿದೆ, ಮತ್ತೆ ಕುಸಿಯಿತು. ದಿನವಿಡೀ ಮಗ್ಗಕ್ಕೆ ಕೂತು ನನ್ನನ್ನು ಗೇಲಿ ಮಾಡುವ ಈ ಹೆಂಗಸಿಗೆ ಕ್ಯಾನ್ಸರೇ? ನಾಳಗಳು ಕಟ್ಟಿಕೊಂಡಿವೆ ಎಂದು ಬರೆದು ಆ ಅಂಕಿಯನ್ನು ಅಳಿಸಿದೆ.

ಊರಿಗೆ ಹೋದಾಗ ಕೇಳಿದರು: "ನನ್ನ ರಕ್ತ ಏನಂತಪಾ?"

"ಯಂತ್ರ ಸರಿ ಇಲ್ರೀ ಅತ್ತಿ."

"ನೀನೂ ನಿಮ್ಮ ಮಾಮನಂಗ ಮಗ್ಗಕ್ಕ ಬೈತಿ ಬಿಡು" ಎಂದು ನಕ್ಕರು.

"ನಿಮಗೇನೂ ಇಲ್ಲ" ಎಂದೂ ನಾನು ಹೇಳಿದೆನೆ? ಹೇಳಿಲ್ಲವೆಂದು ನೆನಪು. ಆ ನೆನಪು ನನಗೆ ಅನುಕೂಲವಾಗಿದೆ, ಹಾಗಾಗಿ ಅದನ್ನು ನಂಬುವುದಿಲ್ಲ.

ಎಂಟು ತಿಂಗಳಿಗೆ ಅವರ ಹೊಟ್ಟೆ ಊದಿತು. ರಾಜ್ಯ ಯಾವುದಾದರೂ ನಮ್ಮವರಿಗೆ ದೊಡ್ಡ ಆಸ್ಪತ್ರೆ ಎಂದರೆ ಗಡಿಯಾಚೆಯ ರಾಯಚೂರು. ಅಂಡಾಶಯದ ಕ್ಯಾನ್ಸರ್, ಹರಡಿದೆ ಎಂದರು. ಫೋನಿನಲ್ಲಿ ಅದನ್ನು ಕೇಳಿದಾಗ ಕಣ್ಣೆದುರು ಬಂದದ್ದು ಅವರ ಮುಖವಲ್ಲ, ನಾನು ಅಳಿಸಿದ ಅಂಕಿ.

ಮಂಚದ ಬದಿಗೆ ಕೂತು ಎಲ್ಲ ಹೇಳಿದೆ.

"ಅಂದ್ರ, ನಿನ್ನ ಯಂತ್ರ ಸರಿ ಐತಿ?"

ಒಬ್ಬರ ರಕ್ತದಿಂದ ಅದನ್ನು ಹೇಳಲಾಗದು ಎಂಬುದೇ ನಾನು ಕಲಿತ ಉತ್ತರ. "ಐತ್ರೀ" ಎಂದೆ.

"ಮತ್ತ ನನಗ್ಯಾಕ ಹೇಳ್ಲಿಲ್ಲಪಾ?"

ಮೂರು ವಾರಕ್ಕೆ ತೀರಿಕೊಂಡರು.

ಈಗ ನನ್ನ ಪ್ರಯೋಗಾಲಯದಲ್ಲಿ ಹೊಂದದ ಅಂಕಿ ಬಂದರೆ ಅದನ್ನು ಅಳಿಸುವ ಮೊದಲು ರಕ್ತ ಕೊಟ್ಟವರನ್ನು ಕರೆದು ವೈದ್ಯರ ಹತ್ತಿರ ಕಳಿಸುತ್ತೇನೆ. ಬಹಳ ಸಲ ಏನೂ ಇರುವುದಿಲ್ಲ. ಸುಮ್ಮನೆ ಹೆದರಿಸಿದಿರಿ ಎಂದು ರೇಗಿ ಹೋಗುತ್ತಾರೆ. ರೇಗಲಿ.