ಕೆಳಗಿದ್ದವನು ಕೈ ಬೀಸಿದ್ದು

ನಾನು ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವವಳು. ವಿಲೆ ಪಾರ್ಲೆಯ ಒಂದು ಸ್ಟುಡಿಯೊದಲ್ಲಿ ಕೆಲಸ. ಜನ ಒಂದು ಸಲ ನೋಡಿ ಬಿಡುವುದನ್ನು ನಾನು ಮತ್ತೆ ಮತ್ತೆ, ನಿಧಾನ ಮಾಡಿ ನೋಡುತ್ತೇನೆ. ಅದಕ್ಕೇ ನನ್ನ ತಮ್ಮ ಒಂದು ಭಾನುವಾರ ಬೊರಿವಲಿಯ ನಮ್ಮ ಮನೆಗೆ ಬಂದು ತನ್ನ ಕ್ಯಾಮೆರಾದ ಕಾರ್ಡನ್ನು ನನ್ನ ಕೈಗಿಟ್ಟ.

ತಮ್ಮ ಪವಾಯಿಯ ಒಂದು ಆಫೀಸಿನಲ್ಲಿದ್ದಾನೆ. ರಜೆ ಸಿಕ್ಕಾಗಲೆಲ್ಲ ಹೊರದೇಶಕ್ಕೆ ಹೋಗಿ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುತ್ತಾನೆ. ಇನ್ನೂರು ಜಿಗಿತ ಆಗುವವರೆಗೆ ಕ್ಯಾಮೆರಾ ಹಾಕಿಕೊಳ್ಳಬಾರದು ಎಂದು ಅವರಲ್ಲೊಂದು ಕಟ್ಟಳೆ ಇದೆಯಂತೆ. ಅವನದು ಅಷ್ಟು ಆಗಿತ್ತು. ಆದರೂ ಅವನಿಗೆ ಕಲಿಸಿದವರು ಪೂರ್ತಿ ಒಪ್ಪಿರಲಿಲ್ಲ. ಹೆಲ್ಮೆಟ್ಟಿಗೆ ಕ್ಯಾಮೆರಾ ಕೂರಿಸಿಕೋ, ಆದರೆ ಸದ್ಯ ಒಬ್ಬನೇ ಜಿಗಿ, ಯಾರನ್ನೂ ಚಿತ್ರಿಸಬೇಡ, ತಲೆಯ ಮೇಲೆ ಅದು ಇದೆ ಎಂಬುದೇ ನಿನಗೆ ಮರೆತುಹೋಗಬೇಕು, ಆಮೇಲೆ ನೋಡೋಣ ಎಂದಿದ್ದರಂತೆ. ತಮ್ಮ ಕ್ಯಾಮೆರಾ ಹಾಕಿಕೊಂಡ ಎರಡನೆಯ ಸಲಕ್ಕೇ ಒಬ್ಬ ಗೆಳೆಯನ ಜೊತೆ ಜಿಗಿದಿದ್ದ. ಈಗ ಮುಂದಿನ ಪ್ರವಾಸಕ್ಕೆ ಹೊರಟ ತಂಡಕ್ಕೆ ಒಬ್ಬ ಕ್ಯಾಮೆರಾದವನು ಬೇಕಾಗಿದ್ದ. ಆ ಜಾಗ ಸಿಗಬೇಕಾದರೆ ಮಾದರಿಗೊಂದು ಚಿಕ್ಕ ವಿಡಿಯೊ ಕಳಿಸಬೇಕಿತ್ತು.

"ಕೊನೀ ಶಾಟ್ ನೋಡಕ್ಕಾ," ಎಂದ. "ಅದನ್ನ ಮೊದಲಿಗೆ ಇಡು. ನೋಡಿದವ್ರು ಬಾಯಿ ತಕ್ಕೊಂಡು ಕುಂದರಬೇಕು."

ಶಾಟ್ ಚೆನ್ನಾಗಿಯೇ ಇತ್ತು. ಗೆಳೆಯ ನೆಲದ ಕಡೆ ಮುಖ ಮಾಡಿ ಬೀಳುತ್ತಿದ್ದ. ತಮ್ಮ ಅವನ ಹಿಂದೆ, ಸ್ವಲ್ಪ ಮೇಲೆ. ಕಾಣುತ್ತಿದ್ದದ್ದು ಗೆಳೆಯನ ಬೆನ್ನು, ಅದರಾಚೆ ಹಸಿರು. ಕೊನೆಯಲ್ಲಿ ಆ ಬೆನ್ನಿನಿಂದ ಕಿತ್ತಳೆ ಬಣ್ಣದ ಬಟ್ಟೆ ಹೊರಬಂತು, ಬಿಚ್ಚಿಕೊಂಡಿತು, ಪರದೆಯನ್ನೆಲ್ಲ ತುಂಬಿತು, ಪಕ್ಕದಿಂದ ಮೇಲಕ್ಕೆ ಹೋಯಿತು.

ಅಭ್ಯಾಸದಂತೆ ನಾನು ಮೊದಲು ಸದ್ದು ಸರಿಮಾಡಲು ಕೂತೆ. ಗಾಳಿಯ ಭೋರ್ಗರೆತವನ್ನು ತಗ್ಗಿಸಿದಾಗ ಅದರ ಅಡಿಯಲ್ಲಿ ತೆಳ್ಳಗೆ ಪೀಂ ಪೀಂ ಎನ್ನುವುದು ಕೇಳಿಸಿತು.

"ಇದೇನೋ ಸಪ್ಪಳ?"

"ಎಲ್ಲಿ?"

ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದ. "ಹೆಲ್ಮೆಟ್‌ನಾಗಿನ ಅಲಾರಂ. ಇಷ್ಟು ಕೆಳಗ ಬಂದೀರಿ, ಇನ್ನ ಒಬ್ಬರಿಂದ ಒಬ್ಬರು ದೂರ ಸರೀರಿ ಅಂತ."

"ಅವತ್ತು ಕೇಳಿತ್ತೇನು ನಿನಗ?"

"ನೀ ಮ್ಯೂಸಿಕ್ ಹಾಕ್ತೀಯಲ್ಲ, ಆಮ್ಯಾಲ ಯಾರಿಗೂ ಕೇಳಂಗಿಲ್ಲ ಬಿಡು."

ನಾನು ಅಲಾರಂ ಶುರುವಾದ ಜಾಗಕ್ಕೆ ಹಿಂದೆ ಹೋದೆ. ಅಲ್ಲಿಂದ ಒಂದೊಂದೇ ಚಿತ್ರ ಸರಿಸಿದೆ. ಕ್ಯಾಮೆರಾ ಅವನ ತಲೆಗೆ ಕಟ್ಟಿತ್ತು. ತಲೆ ಹೊರಳಿದ ಕಡೆ ಅದೂ ಹೊರಳಬೇಕು. ಎತ್ತರ ತೋರಿಸುವ ಮುಳ್ಳು ಎಡಗೈಯ ಮಣಿಕಟ್ಟಿನಲ್ಲಿರುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದ. ಆ ಮಣಿಕಟ್ಟು ಚಿತ್ರದಲ್ಲಿ ಎಲ್ಲಿಯೂ ಬರಲಿಲ್ಲ. ಗೆಳೆಯನ ಬೆನ್ನು ಮಾತ್ರ ಇತ್ತು. ಅದರಾಚೆಯ ಹಸಿರು ಹೊಲಗಳಾಯಿತು, ಹೊಲಗಳಿಗೆ ಬದು ಮೂಡಿತು, ರಸ್ತೆಯ ಮೇಲೆ ಒಂದು ಲಾರಿ ಕಂಡಿತು.

ಆಗ ಗೆಳೆಯ ಎರಡೂ ಕೈಗಳನ್ನು ತಲೆಯ ಮುಂದೆ ತಂದು ಅಗಲಕ್ಕೆ ಬೀಸಿದ.

"ಇಂವ ಯಾಕ ಕೈ ಬೀಸ್ಯಾನ?"

"ಸುಮ್ನ. ಟಾಟಾ ಮಾಡಿರಬೇಕು."

"ನೀ ಹಿಂದಿದ್ದಿ. ಅವಗ ನೀ ಎಲ್ಲಿ ಕಾಣ್ತಿದ್ದಿ?"

ತಮ್ಮ ಮುಂದೆ ಬಾಗಿ ಕೀಲಿ ಒತ್ತಿದ. ಹಿಂದೆ ಹೋಗಿ ಮತ್ತೆ ನೋಡಿದ. ಕುರ್ಚಿಗೆ ಒರಗಿದ.

"ಪ್ಯಾರಾಶೂಟ್ ತಗಿಯೂ ಮುಂದ ಎಲ್ಲಾರೂ ಹಂಗ ಬೀಸಬೇಕಕ್ಕಾ. ನಾ ತಗೀತೀನಿ, ಮ್ಯಾಲ ಯಾರರ ಇದ್ರ ಸರೀರಿ ಅಂತ. ಬಿಚ್ಚಿದ ಕೂಡ್ಲೆ ಅವ ನಿಧಾನ ಆಗ್ತಾನ. ಮ್ಯಾಲಿನವ ಅದರೊಳಗ ಹೋಗಿ ಬೀಳ್ತಾನ."

"ಬಿದ್ರ?"

"ಇಬ್ಬರೂ."

ಕೈ ಬೀಸಿದ ಮೇಲೆ, ಬಟ್ಟೆ ಹೊರಬರುವ ಮೊದಲು, ಚಿತ್ರ ತುಸು ಎಡಕ್ಕೆ ಸರಿದಿತ್ತು. ಅದು ತಪ್ಪಿಸಿಕೊಂಡದ್ದಲ್ಲ. ಗೆಳೆಯ ಪರದೆಯ ಅಂಚಿಗೆ ಹೋಗಿದ್ದ. ತಮ್ಮ ಅವನನ್ನು ಮತ್ತೆ ನಡುವಿಗೆ ತಂದುಕೊಂಡಿದ್ದ. ಬಟ್ಟೆ ಅವನಿಗೆ ತಾಗದೆ ಪಕ್ಕದಿಂದ ಹೋದದ್ದಕ್ಕೆ ಆ ವಿಡಿಯೊದಲ್ಲಿ ನನಗೆ ಯಾವ ಕಾರಣವೂ ಸಿಗಲಿಲ್ಲ.

"ಆ ಕೈ ಬೀಸೂದೊಂದು ಕತ್ತರಿಸಿಬಿಡು," ಎಂದ ತಮ್ಮ, ನನ್ನ ಕಡೆ ನೋಡದೆ.

"ಅವಗ ಗೊತ್ತದ ಏನು, ನೀ ಅಲ್ಲಿದ್ದದ್ದು?"

"ಇಲ್ಲ."

"ಹಂಗಾರ ಮೊದಲ ಅವಗ ತೋರಸು. ಅವ ಹೂಂ ಅಂದ್ರ ಕತ್ತರಸ್ತೀನಿ."

"ನೀನೂ ಬಾ," ಎಂದ. ಚಿಕ್ಕವನಿದ್ದಾಗಲೂ ಅವನು ಹೀಗೆ ಕರೆದದ್ದು ನನಗೆ ನೆನಪಿಲ್ಲ. ಲೋಕಲ್‌ನಲ್ಲಿ ಇಬ್ಬರೂ ರೈಲಿನ ಬಾಗಿಲ ಬಳಿ ನಿಂತು ಹೋದೆವು. ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಗೆಳೆಯನ ಮನೆ ವಿಲೆ ಪಾರ್ಲೆಯಲ್ಲಿ. ತಾಯಿ ವಿಜಯಪುರದ ಕಡೆಯವರು. ಮಗ ಇಲ್ಲಿಯೇ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಹಿಂದಿ ಬೆರೆತಿರುತ್ತದೆ. ವಿಡಿಯೊ ಬಂದಿದೆ ಎಂದು ಕೇಳಿ ತಾಯಿಯೂ ಕೈ ಒರೆಸಿಕೊಳ್ಳುತ್ತ ಬಂದು ಮಗನ ಹೆಗಲ ಹಿಂದೆ ನಿಂತರು. ತಮ್ಮನ ಫೋನಿನಲ್ಲಿ ಕಿತ್ತಳೆ ಬಟ್ಟೆ ಬಿಚ್ಚಿಕೊಂಡಾಗ, "ಯವ್ವಾ, ಎಷ್ಟ ಚಂದ ಐತಿ! ಇನ್ನೊಮ್ಮೆ ಹಚ್ಚಪಾ," ಎಂದರು. ಮಗ ನಗುತ್ತ ಇನ್ನೊಮ್ಮೆ ಹಚ್ಚಿದ. ಅವರು ಚಹಾ ಉಕ್ಕುತ್ತದೆಂದು ಒಳಗೆ ಓಡಿದರು.

ಈ ಸಲ ಅವನ ನಗು ನಡುವೆಯೇ ನಿಂತಿತು. ಅವನು ನನ್ನ ತಮ್ಮನನ್ನು ನೋಡಲಿಲ್ಲ. ನನ್ನನ್ನು ಕೇಳಿದ.

"ದೀದಿ, ನಾನು ಹಾಥ್ ಮಾಡಿದೆ ಅಲ್ಲ?"

"ಮಾಡಿದ್ದಿ."

"ಎರಡೂ ಹಾಥ್? ಕ್ಲಿಯರ್ ಆಗಿ?"

"ಎರಡೂ."

"ಫಿರ್ ಇವನು ಇಲ್ಲಿ ಏನು ಮಾಡ್ತಾ ಇದ್ದ?"

ತಮ್ಮ ನೆಲ ನೋಡುತ್ತಿದ್ದ. ಮನೆಯ ಮೇಲಿಂದ ವಿಮಾನವೊಂದು ಇಳಿಯುತ್ತ ಹೋಯಿತು. ಅದರ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ.

ತಾಯಿ ಚಹಾ ತಂದಿಟ್ಟರು. "ಮುಂದಿನ ಸಲಾನೂ ನೀನ ತಗೀಬೇಕ ನೋಡಪಾ," ಎಂದರು ತಮ್ಮನಿಗೆ. "ಬ್ಯಾರೇದವ್ರು ಇಷ್ಟ ಸಮೀಪ ಹೋಗ್ತಾರೇನು?"

"ಇಲ್ರೀ ಕಾಕು. ನನಗ ಇದು ಇನ್ನೂ ಬರಂಗಿಲ್ಲ."

"ಇಷ್ಟ ಚಂದ ತಗದು ಬರಂಗಿಲ್ಲಂತ! ಭಾಳ ಶಾಣ್ಯಾ ಅದಿ." ತಾಯಿ ತಮ್ಮದೇ ಫೋನನ್ನು ಸೆರಗಿಗೆ ಒರೆಸಿ ಮಗನ ಮುಂದೆ ಹಿಡಿದರು. "ಇದಕ್ಕ ಹಾಕು. ಊರಾಗ ತಂಗಿಗೆ ತೋರಸ್ತೀನಿ."

ಮಗ ಕದಲಲಿಲ್ಲ. ತಮ್ಮನೂ ಕದಲಲಿಲ್ಲ.

"ಹಾಕೋ," ಎಂದರು ತಾಯಿ.